ಗುಜರಿ ಲಾರಿಯಲ್ಲಿ ವಾಪಸು ಬಂದ ಲ್ಯಾಪ್‌ಟಾಪ್‌ಗಳು

ನನಗೆ ಆ ಕೆಲಸ ಸಿಕ್ಕಿದ್ದು ಬಸ್ಸಿನ ದೆಸೆಯಿಂದ. ಮಧುಗಿರಿಯಲ್ಲಿ ಶಿಕ್ಷಕರ ಸಭೆ ನಡೆಯುತ್ತಿತ್ತು. ಆಗ ನಾನು ಕೊರಟಗೆರೆ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಸಭೆ ಎಳೆದೂ ಎಳೆದೂ ಸಂಜೆ ಐದೂವರೆ ಆಯಿತು. ಕೊರಟಗೆರೆಗೆ ಹೋಗುವ ಬಸ್ಸು ಐದೂಮುಕ್ಕಾಲಿಗೆ. ಅದು ತಪ್ಪಿದರೆ ಮುಂದಿನದರಲ್ಲಿ ಒಂಟಿಕಾಲಲ್ಲಿ ನಿಲ್ಲಬೇಕು. 'ಸರ್, ನಾನು ಹೊರಡಲಾ' ಎಂದು ಕೇಳೋಣವೆಂದು ಕೈ ಎತ್ತಿದೆ. ಸರಿಯಾಗಿ ಅದೇ ಹೊತ್ತಿಗೆ ವೇದಿಕೆಯ ಮೇಲಿದ್ದ ಸಾಹೇಬರು, "ನಿಮ್ಮಲ್ಲಿ ಕಂಪ್ಯೂಟರ್ ಬರೋರು ಯಾರಿದೀರಿ?" ಎಂದು ಕೇಳಿದ್ದರಂತೆ. ಗಡಿಯಾರ ನೋಡುತ್ತಿದ್ದ ನನಗೆ ಅದು ಕೇಳಿಸಿರಲಿಲ್ಲ. ಇಡೀ ಸಭೆಯಲ್ಲಿ ಎದ್ದಿದ್ದ ಕೈ ನನ್ನದೊಂದೇ.

"ಬರ್ಕೊಳ್ರಿ, ಗಿರಿಜಾ ಮೇಡಂ," ಎಂದರು ಸಾಹೇಬರು. ಗುಮಾಸ್ತರು ಬರೆದುಕೊಂಡೇಬಿಟ್ಟರು.

ಹೀಗೆ ನಾನು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿನ ಸರ್ಕಾರಿ ಶಾಲೆಗಳ ಲ್ಯಾಪ್‌ಟಾಪ್ ನೋಡಿಕೊಳ್ಳುವ ಮೇಡಂ ಆದೆ. ಅವತ್ತಿನ ನನ್ನ ಕಂಪ್ಯೂಟರ್ ಜ್ಞಾನ ಇಷ್ಟೇ: ನಮ್ಮ ಶಾಲೆಯ ಯಂತ್ರದ ಗುಂಡಿ ಒತ್ತಿದರೆ ದೀಪ ಹತ್ತುತ್ತದೆ, ಜೋರಾಗಿ ಮುಚ್ಚಿದರೆ ಹೆಡ್‌ಮಾಸ್ಟರು ಬೈಯುತ್ತಾರೆ. ಆ ಬಸ್ಸೂ ತಪ್ಪಿತು ಅನ್ನಿ.

ಹೊಸದಾಗಿ ಶಾಲೆಗಳಿಗೆ ಕಂಪ್ಯೂಟರ್ ಕಲಿಸಲು ಸೇರಿರುವ ಐದಾರು ಜನ ಹೆಣ್ಣುಮಕ್ಕಳು ಹೋದ ತಿಂಗಳು ಮನೆಗೆ ಬಂದಿದ್ದರು. "ಮೇಡಂ, ಕೆಲಸ ಹೆಂಗಿರ್ತದೆ ಹೇಳಿ" ಎಂದರು. ಕಾಫಿ ಆರುವಷ್ಟರಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು. ಅದಕ್ಕೇ ಬರೆಯಲು ಕೂತಿದ್ದೇನೆ. ನಾನು ಏನೇನು ಕೆಡಿಸಿದೆ ಅನ್ನುವುದನ್ನೂ ಬರೆಯುತ್ತೇನೆ. ನಿಮಗೆ ಹೆಚ್ಚು ಪ್ರಯೋಜನಕ್ಕೆ ಬರುವುದು ಆ ಭಾಗವೇ.

ಮೊದಮೊದಲು ಎಲ್ಲವೂ ಸಿಡಿಯಲ್ಲಿ. ಯಂತ್ರ ಕೆಟ್ಟರೆ ಸಿಡಿ ಹಾಕಿ ಹೊಸದಾಗಿ ಸಾಫ್ಟ್‌ವೇರ್ ತುಂಬಬೇಕು. ಆ ಸಿಡಿಗಳನ್ನು ನಾನು ಸ್ಟೀಲಿನ ಊಟದ ಡಬ್ಬಿಯಲ್ಲಿ ಹೊತ್ತು ತಿರುಗುತ್ತಿದ್ದೆ. ಬಸ್ಸಿನಲ್ಲಿ ಪಕ್ಕದವರು, "ಏನಮ್ಮ, ಹೋಳಿಗೆನಾ?" ಎಂದು ಕೇಳುತ್ತಿದ್ದರು.

ಒಂದು ಸಲ ತೋವಿನಕೆರೆ ಕಡೆಯ ಶಾಲೆಗೆ ಹೋದೆ. ಅಲ್ಲಿನ ಲ್ಯಾಪ್‌ಟಾಪ್‌ಗೆ ಅದರದೇ ಸಿಡಿ ಬೇಕಿತ್ತು, ನನ್ನ ಡಬ್ಬಿಯಲ್ಲಿ ಅದು ಇರಲಿಲ್ಲ. ಶಾಲೆಯ ಬೀರು ಹುಡುಕಿದೆವು, ಮೇಜಿನ ಡ್ರಾಯರೆಲ್ಲ ಹುಡುಕಿದೆವು. ಎಲ್ಲೂ ಇಲ್ಲ. ಬೇಸರಪಟ್ಟು ಹಿತ್ತಿಲಿಗೆ ಬಂದರೆ ಬಿಸಿಯೂಟದ ಪುಟ್ಟಮ್ಮ ಬೆಳೆಸಿದ್ದ ಟೊಮ್ಯಾಟೊ ಮಡಿಯ ಮೇಲೆ ಏನೋ ಫಳಫಳ ಹೊಳೆಯುತ್ತಿತ್ತು. ದಾರಕ್ಕೆ ಕಟ್ಟಿ ನೇತುಹಾಕಿದ ಮೂರು ಸಿಡಿ!

"ಅಯ್ಯೋ, ಮೇಷ್ಟ್ರು ಹಳೇವು ಅಂತ ಎಸ್ದಿದ್ರು ಕಣಮ್ಮ," ಎಂದಳು ಪುಟ್ಟಮ್ಮ. "ಕಟ್ಟಿದ್ ಮ್ಯಾಲೆ ಒಂದು ಹಕ್ಕೀನೂ ಬರಾಕಿಲ್ಲ. ಬಿಚ್ಬುಟ್ರೆ ನನ್ ಟಮಟೆ ಗತಿ ಏನು?"

ನನ್ನ ಡಬ್ಬಿಯಿಂದ ಗೀಚು ಬಿದ್ದ ನಾಲ್ಕು ಸಿಡಿ ಕೊಟ್ಟು ರಾಜಿ ಮಾಡಿಕೊಂಡೆ. ಮೂರನ್ನೂ ಸೋಪಿನ ನೀರಿನಲ್ಲಿ ತೊಳೆದು, ಸೆರಗಿನಲ್ಲಿ ಒರೆಸಿ ಹಾಕಿ ನೋಡಿದೆ. ಎರಡು ಗರಗರ ಅಂದು ಸುಮ್ಮನಾದವು. ಮೂರನೆಯದು ಮೂರು ತಿಂಗಳು ಬಿಸಿಲು ಕುಡಿದಿದ್ದರೂ ನಿಲ್ಲದೆ ಓಡಿತು. ನಾನೂ ಪುಟ್ಟಮ್ಮನೂ ಒಬ್ಬರ ಕೈ ಒಬ್ಬರು ಹಿಡಿದು ಕುಣಿಯುವುದೊಂದೇ ಬಾಕಿ.

ಇನ್ನು ನನ್ನ ದೊಡ್ಡ ತಪ್ಪಿಗೆ ಬರುತ್ತೇನೆ. ಬುಕ್ಕಾಪಟ್ಟಣದ ಕಡೆಯ ಒಂದು ಹೈಸ್ಕೂಲಿನಲ್ಲಿ ಹನ್ನೆರಡು ಲ್ಯಾಪ್‌ಟಾಪ್ ಒಂದಾದ ಮೇಲೊಂದು ಕೈಕೊಟ್ಟಿದ್ದವು. ತೆರೆದರೆ ತೆರೆದುಕೊಳ್ಳುತ್ತವೆ, ಆದರೆ ಇಂಟರ್‌ನೆಟ್ಟಿನ ಯಾವ ಪುಟವನ್ನೂ ಹತ್ತಿರ ಸೇರಿಸುವುದಿಲ್ಲ. ಪಾಠದ ತಂತ್ರಾಂಶವೂ ಓಡುವುದಿಲ್ಲ. ಇಡೀ ದಿನ ಒದ್ದಾಡಿದೆ. ಕೊನೆಗೆ ಕಚೇರಿಯ ನಮೂನೆಯಲ್ಲಿ 'ದುರಸ್ತಿಗೆ ಯೋಗ್ಯವಲ್ಲ' ಎಂದು ಹನ್ನೆರಡು ಸಲ ಬರೆದು, ಹನ್ನೆರಡು ಸಲ ಸಹಿ ಹಾಕಿದೆ. ಸಹಿ ಚೆನ್ನಾಗಿಯೇ ಬಂದಿತ್ತು. ಸಾಹೇಬರಿಗೆ ತೋರಿಸಲೆಂದು ಒಂದು ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ.

ಶಿರಾದಲ್ಲಿ ಬಸ್ ಬದಲಾಯಿಸಬೇಕಿತ್ತು. ಕೈಗಡಿಯಾರ ನಿಂತುಹೋಗಿದ್ದರಿಂದ ನಿಲ್ದಾಣದ ಎದುರಿನ ಬಾಷಾ ಸಾಬರ ಗಡಿಯಾರದ ಅಂಗಡಿಗೆ ಹೋದೆ. ಅಂಗಡಿ ಅಂದರೆ ಒಂದು ಗಾಜಿನ ಪೆಟ್ಟಿಗೆ, ಒಂದು ಸ್ಟೂಲು, ಸಾಬರ ಕಣ್ಣಿಗೊಂದು ಭೂತಗನ್ನಡಿ. ನನ್ನ ಗಡಿಯಾರಕ್ಕೆ ಸೆಲ್ ಹಾಕುತ್ತಾ ಅವರು ಚೀಲದ ಕಡೆ ಕಣ್ಣು ಹಾಯಿಸಿದರು.

"ಅದ್ಯಾವ ಮಷೀನು ಮೇಡಂ?"

"ಲ್ಯಾಪ್‌ಟಾಪು ಸಾಬ್ರೆ. ಸತ್ತೋಗಿದೆ."

"ಮರ್‌ಗಯಾ? ಕೊಡಿ, ನೋಡಣ."

ತಡೆಯುವಷ್ಟರಲ್ಲಿ ಹಿಂದಿನ ತಿರುಪುಗಳನ್ನು ಬಿಚ್ಚಿಯಾಗಿತ್ತು. ಒಳಗಿನಿಂದ ಗುಂಡಿಯಂಥ ಒಂದು ಸೆಲ್ಲನ್ನು ಚಿಮಟದಲ್ಲಿ ಎತ್ತಿ ಹಿಡಿದರು. ನನ್ನ ಗಡಿಯಾರದ ಸೆಲ್ಲಿಗೆ ಅಣ್ಣನ ಹಾಗಿತ್ತು.

"ಇದ್ರೊಳಗೂ ಒಂದು ಘಡಿ ಐತೆ ಮೇಡಂ. ಘಡಿ ನಿಂತ್ರೆ ಇವತ್ತು ಯಾವ ದಿನ ಅಂತ ಇದ್ಕೆ ಹೆಂಗೆ ಗೊತ್ತಾಗ್ತದೆ? ಬೇಚಾರಾ!"

ಹೊಸ ಸೆಲ್ ಹಾಕಿದರು. ತೆರೆದು ನೋಡಿದರೆ ಅವರು ಹೇಳಿದ್ದು ಅಕ್ಷರಶಃ ನಿಜ. ಯಂತ್ರದ ತಾರೀಖು ಎಷ್ಟು ವರ್ಷ ಹಿಂದಕ್ಕೆ ಹೋಗಿತ್ತೆಂದರೆ, ಅದರ ಲೆಕ್ಕದಲ್ಲಿ ಅದಿನ್ನೂ ತಯಾರಾಗಿಯೇ ಇರಲಿಲ್ಲ. ತಾರೀಖು ತಪ್ಪಿದ ಯಂತ್ರವನ್ನು ಇಂಟರ್‌ನೆಟ್ಟು ನಂಬುವುದಿಲ್ಲ, ಅಷ್ಟೇ ಕಾಯಿಲೆ. ಸರಿಯಾದ ತಾರೀಖು ಕೊಟ್ಟು ನನ್ನ ಫೋನಿನ ಇಂಟರ್‌ನೆಟ್ ಹಚ್ಚಿದ ಮೇಲೆ ಎಲ್ಲ ಪುಟಗಳೂ ಬಾಗಿಲು ತೆಗೆದ ಹಾಗೆ ತೆರೆದುಕೊಂಡವು. ನಾನು ಬಸ್ ನಿಲ್ದಾಣದ ಎದುರು ನಿಂತು ಒಬ್ಬಳೇ ನಕ್ಕೆ. ಸಾಬರು ಒಂದು ಟೀ ತರಿಸಿ, "ಪಹಲೇ ಪೀಜಿಯೆ ಮೇಡಂ, ಆಮೇಲೆ ನಗಿ," ಎಂದರು.

ಮಿಕ್ಕ ಹನ್ನೊಂದಕ್ಕೂ ಸೆಲ್ ಕಟ್ಟಿಸಿಕೊಂಡು ಮಾರನೆ ದಿನ ಮತ್ತೆ ಬುಕ್ಕಾಪಟ್ಟಣಕ್ಕೆ ಹೋದೆ. ಹನ್ನೆರಡೂ ಎದ್ದವು. ಕಷ್ಟವಾದದ್ದು ಕಚೇರಿಯಲ್ಲಿ. ನಮ್ಮ ಸಾಹೇಬರಾದ ನಂಜುಂಡಾರಾಧ್ಯರು ಪಾಪದ ಮನುಷ್ಯ. ಹಣೆಗೆ ವಿಭೂತಿ, ಜೇಬಿನಲ್ಲಿ ಎರಡು ಪೆನ್ನು. ಆಡಿಟ್ ಎಂಬ ಪದ ಕೇಳಿದರೆ ಎರಡು ಪೆನ್ನೂ ನಡುಗುತ್ತಿದ್ದವು.

"ಗಿರಿಜಮ್ಮ, ಸತ್ತವು ಅಂತ ಬರ್ದಿದೀರಿ. ಈಗ ಬದುಕಿದವು ಅಂತೀರಿ. ಇದಕ್ಕೆ ನಮೂನೆ ಎಲ್ಲೈತಮ್ಮ?"

ನಮೂನೆ ಇರಲಿಲ್ಲ. ಸಾಯಿಸುವುದಕ್ಕೆ ಮೂರು ಬಗೆಯ ನಮೂನೆಗಳಿದ್ದವು, ಬದುಕಿಸುವುದಕ್ಕೆ ಒಂದೂ ಇರಲಿಲ್ಲ. ಕೊನೆಗೆ ಒಂದು ಬಿಳಿ ಹಾಳೆಯ ಮೇಲೆ 'ನನ್ನ ತಿಳಿವಳಿಕೆಯ ಕೊರತೆಯಿಂದ' ಎಂದು ಶುರುಮಾಡಿ ಬರೆದುಕೊಟ್ಟೆ. ಮಕ್ಕಳೇ, ಯಂತ್ರ ಸತ್ತಿದೆ ಎಂದು ಸಹಿ ಹಾಕುವ ಮೊದಲು ಬೇರೆ ಯಾರಿಗಾದರೂ ತೋರಿಸಿ. ಕಂಪ್ಯೂಟರ್ ಓದಿದವರೇ ಆಗಬೇಕೆಂದಿಲ್ಲ.

ಇದಾಗಿ ಕೆಲವು ವರ್ಷ ಕಳೆಯಿತು. ಸಿಡಿ ಹೋಗಿ ಪೆನ್‌ಡ್ರೈವ್ ಬಂತು, ಊಟದ ಡಬ್ಬಿಯಲ್ಲಿ ಮತ್ತೆ ಊಟ ಬಂತು. ಒಂದು ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಫೋನು ಬಡಿದುಕೊಳ್ಳಲು ಶುರುವಾಯಿತು. ಮೊದಲು ಕೊರಟಗೆರೆ, ಹಿಂದೆಯೇ ಶಿರಾ, ಆಮೇಲೆ ಮಧುಗಿರಿಯ ಎರಡು ಶಾಲೆ. ಒಬ್ಬರ ಮಾತು ಮುಗಿಯುವಷ್ಟರಲ್ಲಿ ಮತ್ತೊಬ್ಬರು. ಕೊನೆಗೆ ಪಾವಗಡದಾಚೆ, ಆಂಧ್ರದ ಗಡಿಗೆ ಅಂಟಿಕೊಂಡ ಒಂದು ಊರಿನ ಹೆಡ್‌ಮಿಸ್ಟ್ರೆಸ್ ರಾಮಲಕ್ಷ್ಮಮ್ಮನವರ ದನಿ. ಅವರ ಬಾಯಲ್ಲಿ ಕನ್ನಡವೂ ತೆಲುಗೂ ಒಂದೇ ತಟ್ಟೆಯಲ್ಲಿ ಊಟ ಮಾಡುತ್ತವೆ.

"ಮೇಡಂ, ಇಪ್ಪತ್ತಕ್ಕಿಪ್ಪತ್ತೂ ಚಚ್ಚಿಪೋಯಾಯಿ! ಶನಿವಾರ ಚೆನ್ನಾಗಿದ್ವು. ಇವತ್ತು ನೋಡಿದ್ರೆ ಇಷ್ಟೂ ಸತ್ತಾವೆ!"

ಓಡಿಹೋಗಿ ಹತ್ತಿರದ ಶಾಲೆಯ ಯಂತ್ರ ತೆರೆದು ನೋಡಿದೆ. ಪರದೆ ತುಂಬ ನೀಲಿ. ನಡುವೆ ಒಂದು ಸಾಲು: 'ಪರವಾನಗಿ ಅವಧಿ ಮುಗಿದಿದೆ. ಮಾರಾಟಗಾರರನ್ನು ಸಂಪರ್ಕಿಸಿ.' ಮುಂದಕ್ಕೂ ಹೋಗದು, ಹಿಂದಕ್ಕೂ ಹೋಗದು. ಇಲಿ ಕಡಿದಿರಲಿಲ್ಲ, ನೀರು ಬಿದ್ದಿರಲಿಲ್ಲ, ಯಾರೂ ಕೆಳಗೆ ಬೀಳಿಸಿರಲಿಲ್ಲ. ಕೀಲಿಗಳ ಮೇಲಿನ ಅಕ್ಷರ ಕೂಡ ಅಳಿಸಿರಲಿಲ್ಲ.

ಲ್ಯಾಪ್‌ಟಾಪ್ ಸರಬರಾಜು ಮಾಡಿದ್ದ ಕಂಪನಿಗೆ ಫೋನು ಮಾಡಿದೆ. ಅವರ ಪ್ರತಿನಿಧಿ ಗುರುವಾರ ಬಂದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಬಣ್ಣದ ಪುಸ್ತಿಕೆ.

"ಇವುಗಳ ಆಯಸ್ಸು ಮುಗೀತು ಮೇಡಂ. ಇಷ್ಟು ವರ್ಷಕ್ಕೆ ಅಂತಲೇ ಪ್ರೋಗ್ರಾಂ ಹಾಕಿರ್ತೀವಿ. ಆ ದಿನ ಬಂತು, ಲಾಕ್ ಆಯ್ತು."

"ಯಂತ್ರ ಚೆನ್ನಾಗಿದೆಯಲ್ಲಪ್ಪ?"

"ಚೆನ್ನಾಗಿರೋದು ಬೇರೆ, ಓಡೋದು ಬೇರೆ ಮೇಡಂ. ಹೊಸ ಮಾಡೆಲ್ ನೋಡಿ, ತೂಕ ಎಷ್ಟು ಕಡಿಮೆ!"

ನನಗೆ ಮೈಯೆಲ್ಲ ಉರಿದುಹೋಯಿತು. ಬುಕ್ಕಾಪಟ್ಟಣದಲ್ಲಿ ತಿಳಿಯದೆ ನಾನು ಹನ್ನೆರಡು ಯಂತ್ರಗಳನ್ನು ಸಾಯಿಸಿದ್ದೆ. ಇವರು ತಿಳಿದೂ ತಿಳಿದೂ, ಮೊದಲೇ ದಿನ ಗೊತ್ತುಮಾಡಿ, ನಾಲ್ಕು ತಾಲ್ಲೂಕಿನವನ್ನು ಒಟ್ಟಿಗೆ ಮಲಗಿಸಿದ್ದರು. ನಾನು ಅರ್ಜಿ ಬರೆದು ಮುಗಿಸುವ ಮೊದಲೇ ಮೇಲಿನಿಂದ ಪತ್ರ ಬಂತು: ಅವಧಿ ಮೀರಿದ ಎಲ್ಲ ಲ್ಯಾಪ್‌ಟಾಪ್‌ಗಳನ್ನೂ ಮಧುಗಿರಿಯಲ್ಲಿ ಒಟ್ಟುಮಾಡಿ ಗುಜರಿಗೆ ಸಾಗಿಸುವುದು. ಹೊಸವು ಯಾವಾಗ ಬರುತ್ತವೆ ಎಂಬ ಬಗ್ಗೆ ಪತ್ರದಲ್ಲಿ ಒಂದಕ್ಷರವೂ ಇರಲಿಲ್ಲ.

ಪಾವಗಡದ ರಾಮಲಕ್ಷ್ಮಮ್ಮ ಎರಡು ಬಸ್ ಬದಲಾಯಿಸಿ ಕಚೇರಿಗೇ ಬಂದರು. ಬಂದವರೇ ನನ್ನ ಎದುರಿನ ಕುರ್ಚಿಯಲ್ಲಿ ಕೂತು ಅತ್ತರು.

"ಯಂತ್ರ ಪೋತೇ ಪೋನೀ ಮೇಡಂ, ಹೋದ್ರೆ ಹೋಗ್ಲಿ. ಒಳಗೆ ನನ್ನ ಮಕ್ಕಳ ಪುಸ್ತಕ ಐತೆ."

ಆ ಪುಸ್ತಕದ ಕಥೆ ನನಗೆ ಗೊತ್ತಿತ್ತು. ಅವರ ಶಾಲೆಯ ಮಕ್ಕಳು ಮನೆಯಲ್ಲಿ ಆಡುವುದು ತೆಲುಗು, ಶಾಲೆಯಲ್ಲಿ ಓದುವುದು ಕನ್ನಡ. ಎರಡು ವರ್ಷದಿಂದ ಅವರು ಮನೆಯ ಅಜ್ಜಿಯರನ್ನು ಕೇಳಿ ಕೇಳಿ, ತೆಲುಗು ಮಾತು ಒಂದು ಸಾಲಿನಲ್ಲಿ, ಅದರ ಕನ್ನಡ ಇನ್ನೊಂದು ಸಾಲಿನಲ್ಲಿ, ಸಾವಿರಕ್ಕೂ ಮೇಲೆ ಪದಗಳನ್ನು ಲ್ಯಾಪ್‌ಟಾಪ್‌ನಲ್ಲಿ ಕೂಡಿಸಿದ್ದರು. ಚಿಂತಕಾಯ ಅಂದರೆ ಹುಣಸೆಕಾಯಿ. ಅವ್ವ ಅಂದರೆ ಅವರಿಗೆ ಅಜ್ಜಿ, ನಮ್ಮೂರಿನಲ್ಲಿ ತಾಯಿ. ಈ ಒಂದು ಪದಕ್ಕೆ ತರಗತಿಯಲ್ಲಿ ಅರ್ಧ ದಿನ ಜಗಳ ನಡೆದಿತ್ತಂತೆ. ಕೋತಿ ಎರಡು ಸಾಲಿನಲ್ಲೂ ಕೋತಿಯೇ. ಅದು ಮೊದಲು ಯಾರದ್ದು ಅಂತ ಇನ್ನರ್ಧ ದಿನ. ಅಷ್ಟೂ ಪದಗಳು ಆ ನೀಲಿ ಪರದೆಯ ಹಿಂದೆ ಸಿಕ್ಕಿಕೊಂಡಿದ್ದವು. ಬೇರೆಲ್ಲೂ ಪ್ರತಿ ಇರಲಿಲ್ಲ. ಪ್ರತಿ ತೆಗೆದಿಡಿ ಎಂದು ಅವರಿಗೆ ಹೇಳಿಕೊಡಬೇಕಾದವಳು ನಾನೇ, ಹೇಳಿಕೊಟ್ಟಿರಲಿಲ್ಲ. ಇದನ್ನು ನೀವು ದಪ್ಪಕ್ಷರದಲ್ಲಿ ಬರೆದುಕೊಳ್ಳಿ.

"ಅಳಬ್ಯಾಡಿ ಮೇಡಂ, ಏನಾದ್ರೂ ಮಾಡಣ," ಎಂದೆ. ಏನು ಮಾಡುವುದು ಎಂಬುದು ಮಾತ್ರ ಗೊತ್ತಿರಲಿಲ್ಲ.

ಅವತ್ತಿನಿಂದ ಬಸ್ಸಿನಲ್ಲಿ ಕೂತಾಗಲೆಲ್ಲ ಫೋನಿನಲ್ಲಿ ಅದನ್ನೇ ಓದಿದೆ. ಯಾರ ಪರವಾನಗಿಯೂ ಬೇಡದ, ಯಾರು ಬೇಕಾದರೂ ಹಾಕಿಕೊಳ್ಳಬಹುದಾದ ಉಚಿತ ಸಾಫ್ಟ್‌ವೇರ್ ಇದೆ ಎಂದು ತಿಳಿಯಿತು. ಅದನ್ನು ಪೆನ್‌ಡ್ರೈವ್‌ಗೆ ತುಂಬಿ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿದರೆ ಯಂತ್ರ ಹಳೆಯ ಪ್ರೋಗ್ರಾಮನ್ನು ಕೇಳುವುದೇ ಇಲ್ಲವಂತೆ, ಪೆನ್‌ಡ್ರೈವ್‌ನಿಂದಲೇ ಎದ್ದು ಕೂರುತ್ತದಂತೆ. ಕನ್ನಡವೂ ಇದೆಯಂತೆ. ಒಳಗಿನ ಕಡತಗಳೂ ಕಾಣುತ್ತವಂತೆ. ಓದುತ್ತಾ ಓದುತ್ತಾ ನಾನು ಇಳಿಯಬೇಕಾದ ಕೊರಟಗೆರೆ ಬಿಟ್ಟು ತುಮಕೂರಿಗೆ ಹೋಗಿ ಇಳಿದದ್ದು ಎರಡು ಸಲ.

ಶನಿವಾರ ಪೆನ್‌ಡ್ರೈವ್ ಹಿಡಿದು ರಾಮಲಕ್ಷ್ಮಮ್ಮನವರ ಶಾಲೆಗೆ ಹೋದೆ. ಮಕ್ಕಳೆಲ್ಲ ಸುತ್ತ ನಿಂತರು. ಪೆನ್‌ಡ್ರೈವ್ ಸಿಕ್ಕಿಸಿ ಗುಂಡಿ ಒತ್ತಿದೆ. ಕಪ್ಪು ಪರದೆ, ಒಂದಿಷ್ಟು ಬಿಳಿ ಅಕ್ಷರ, ಮತ್ತೆ ಕಪ್ಪು. ಆಮೇಲೆ ಹಸಿರು ಪರದೆಯ ಮೇಲೆ 'ಸ್ವಾಗತ' ಎಂದು ಕನ್ನಡದಲ್ಲಿ ಬಂತು ನೋಡಿ! ಒಂಬತ್ತನೇ ಕ್ಲಾಸಿನ ಲಾವಣ್ಯ ಎಂಬ ಹುಡುಗಿ ಬೆಂಚು ಹತ್ತಿ, "ಲೇಚಿಂದಿ! ಎದ್ಬುಡ್ತು!" ಎಂದು ಕಿರುಚಿದಳು. ಪಕ್ಕದ ತರಗತಿಗಳೂ ಖಾಲಿಯಾಗಿ ಎಲ್ಲರೂ ಇಲ್ಲಿಗೇ ಬಂದರು. ಪದಗಳ ಕಡತ ತೆರೆದೆವು. ಅ ಇಂದ ಈ ವರೆಗೆ ಅಷ್ಟೂ ಇದ್ದವು. ಒಂದೊಂದು ಯಂತ್ರದಲ್ಲಿ ಒಂದಿಷ್ಟು ಅಕ್ಷರ. ಒಂದೊಂದನ್ನೇ ಎಬ್ಬಿಸಿ ಕಡತಗಳನ್ನು ಇನ್ನೊಂದು ಪೆನ್‌ಡ್ರೈವ್‌ಗೆ ಇಳಿಸುತ್ತಾ ಹೋದೆ.

ಹದಿಮೂರನೆಯದಕ್ಕೆ ಬರುವ ಹೊತ್ತಿಗೆ ನನಗೆ ಕೊಂಬು ಬಂದಿತ್ತು. ಮಕ್ಕಳಿಗೆ ಕಥೆ ಹೇಳುತ್ತಾ, ಪರದೆ ನೋಡದೆ, ಟಕಟಕ ಒತ್ತುತ್ತಿದ್ದೆ. 'ನೋಡು' ಎಂಬುದರ ಬದಲು 'ಸ್ಥಾಪಿಸು' ಒತ್ತಿದೆ. 'ಒಳಗಿರುವುದೆಲ್ಲ ಅಳಿಸಿಹೋಗುತ್ತದೆ, ಸರಿಯೇ?' ಎಂದು ಯಂತ್ರ ಪಾಪ ಕೇಳಿಯೂ ಕೇಳಿತು. ನಾನು 'ಸರಿ' ಎಂದೆ. ಗೊತ್ತಾಗುವಷ್ಟರಲ್ಲಿ ಚ ಇಂದ ತ ವರೆಗಿನ ಪದಗಳೆಲ್ಲ ಹೋಗಿದ್ದವು. ಚಿಂತಕಾಯ ಸಮೇತ.

ಮಕ್ಕಳಿಗೆ ಹೇಗೆ ಹೇಳಲಿ? ಆದರೂ ಹೇಳಲೇಬೇಕಿತ್ತು. ಎದ್ದು ನಿಂತು, "ತಪ್ಪಾಯ್ತು ಮಕ್ಕಳೇ. ನಿಮ್ಮ ಪದಗಳನ್ನ ನಾನು ಅಳಿಸಿಬಿಟ್ಟೆ," ಎಂದೆ. ಲಾವಣ್ಯ ಮುಂದೆ ಬಂದಳು.

"ಪರವಾಲೇದು ಮೇಡಂ. ನಮ್ಮವ್ವ ಬದುಕೇ ಐತೆ. ಇನ್ನೊಂದ್ ಸಲ ಕೇಳಿದ್ರೆ ಆಯ್ತು," ಎಂದಳು.

ಅವಳ ಅವ್ವ ಅಂದರೆ ಅಜ್ಜಿ. ಸೋಮವಾರದ ಹೊತ್ತಿಗೆ ಊರಿನ ಅಜ್ಜಿಯರೆಲ್ಲ ಸೇರಿ ಕಳೆದುಹೋದ ಪದಗಳನ್ನಷ್ಟೇ ಅಲ್ಲ, ಮೊದಲ ಸಲ ನೆನಪಾಗದವನ್ನೂ ಹೇಳಿದ್ದರಂತೆ. ಮೊದಲಿಗಿಂತ ಎರಡು ಪುಟ ಜಾಸ್ತಿ ಆಯಿತು. ಹಾಗಂತ ನಾನು ಅಳಿಸಿದ್ದು ಒಳ್ಳೆಯದಾಯಿತು ಎನ್ನುವಷ್ಟು ಧೈರ್ಯ ನನಗಿಲ್ಲ.

ಪುಸ್ತಕವೇನೋ ಉಳಿಯಿತು. ಯಂತ್ರಗಳನ್ನು ಮಾತ್ರ ಆದೇಶದ ಪ್ರಕಾರ ಮಧುಗಿರಿಗೆ ಕಳಿಸಲೇಬೇಕಾಯಿತು. ನಾಲ್ಕು ತಾಲ್ಲೂಕಿನವೂ ಬಂದು ನಮ್ಮ ಕಚೇರಿಯ ಸಭಾಂಗಣದಲ್ಲಿ ಇಟ್ಟಿಗೆಯ ಹಾಗೆ ಪೇರಿಕೊಂಡವು. ಇಷ್ಟನ್ನೂ ಎಬ್ಬಿಸಬಹುದು ಎಂದು ನಾನು ಸಾಹೇಬರಿಗೆ ಹೇಳಿದೆ. ಅವರು ಆಗದು ಎಂದು ಅಡ್ಡಡ್ಡ ತಲೆಯಾಡಿಸಿದರು.

"ಕಂಪನಿಯ ಸಾಮಾನು ನಾವು ಬಿಚ್ಚಿದ್ವಿ ಅಂತ ಆಡಿಟ್‌ನೋರು ಬರೆದ್ರೆ ನನ್ನ ಪಿಂಚಣಿ ಕತೆ ಏನು ಗಿರಿಜಮ್ಮ? ಕಾಗದ ತೋರ್ಸಿ. ಇವು ಯಾರವು ಅಂತ ಕಾಗದ ತೋರ್ಸಿ."

ಕಾಗದ ಅಂದರೆ ಕಂಪನಿಯ ಜೊತೆ ಮಾಡಿಕೊಂಡ ಕರಾರು. ಅದು ಒಂದು ಕಬ್ಬಿಣದ ಬೀರುವಿನಲ್ಲಿತ್ತು, ಬೀರುವಿನ ಬೀಗದಕೈ ಮೂರು ಸಾಹೇಬರ ಹಿಂದೆಯೇ ಕಾಣೆಯಾಗಿತ್ತು. ಬೀಗದವನನ್ನು ಕರೆಸಿ ತೆಗೆಸಿದೆವು. ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು, ಬಣ್ಣ ಕಳೆದುಕೊಂಡ ಒಂದು ಧ್ವಜ, ಎರಡು ಜೊತೆ ಚಪ್ಪಲಿ, ಎಲ್ಲದರ ಕೆಳಗೆ ಆ ಕರಾರು. ನಾನೂ ಗುಮಾಸ್ತರೂ ಸೀನುತ್ತಾ ಸೀನುತ್ತಾ ಪುಟ ತಿರುವಿದೆವು. ಕೊನೆಯ ಹಿಂದಿನ ಪುಟದಲ್ಲಿ, ಇರುವೆಯಂಥ ಅಕ್ಷರದಲ್ಲಿ ಸಿಕ್ಕಿತು: ಅವಧಿ ಮುಗಿದ ಮೇಲೆ ಯಂತ್ರಗಳು ಆಯಾ ಶಾಲೆಯ ಸ್ವತ್ತು, ಸರಬರಾಜುದಾರರಿಗೆ ಯಾವ ಹಕ್ಕೂ ಇರುವುದಿಲ್ಲ.

ಸಾಹೇಬರು ಆ ಸಾಲನ್ನು ಮೂರು ಸಲ ಓದಿದರು. ಕನ್ನಡಕ ತೆಗೆದು ಒರೆಸಿ ನಾಲ್ಕನೇ ಸಲ ಓದಿದರು.

"ಅಂದ್ರೆ ಇವು ನಮ್ಮವಾ?"

"ನಮ್ಮವೇ ಸರ್."

"ನಮ್ಮ ಸಾಮಾನು ನಾವ್ಯಾಕಮ್ಮ ಗುಜ್ರಿಗೆ ಹಾಕ್ಬೇಕು?"

ಅಷ್ಟು ಗಟ್ಟಿಯಾಗಿ ಅವರು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಗುಮಾಸ್ತರು ಬಾಗಿಲ ಸಂದಿಯಿಂದ ಇಣುಕಿದರು. ಗುಜರಿ ಲಾರಿ ಬರುವುದು ಶುಕ್ರವಾರ. ಅವತ್ತು ಬೆಳಿಗ್ಗೆ ಒಂದು ಗಂಟೆ ಸಮಯ ಕೊಡುತ್ತೇನೆ, ಎದುರಿಗೇ ಎಬ್ಬಿಸಿ ತೋರಿಸಿ ಎಂದರು ಸಾಹೇಬರು. ನಾನು ನಾಲ್ಕೂ ತಾಲ್ಲೂಕಿನಿಂದ, ರಾಮಲಕ್ಷ್ಮಮ್ಮನವರೂ ಸೇರಿ, ಹನ್ನೊಂದು ಶಿಕ್ಷಕರನ್ನು ಕರೆದು ಎರಡು ದಿನ ತಾಲೀಮು ಕೊಟ್ಟೆ. ಮೊದಲ ಪಾಠವಾಗಿ, ಕಥೆ ಹೇಳುತ್ತಾ 'ಸರಿ' ಒತ್ತಬಾರದು ಎಂದು ಕಲಿಸಿದೆ.

ಶುಕ್ರವಾರ ಲಾರಿ ಅಂಗಳದಲ್ಲಿ ನಿಂತಿತ್ತು. ಅದರ ಡ್ರೈವರ್ ಕೆಂಚಪ್ಪ ಕಿಟಕಿಗೆ ಮೊಣಕೈ ಊರಿ ನೋಡುತ್ತಿದ್ದ. ಕಂಪನಿಯ ಪ್ರತಿನಿಧಿಯೂ ಪುಸ್ತಿಕೆ ಸಮೇತ ಹಾಜರು. "ರಾಶಿಯಿಂದ ನೀವೇ ಆರಿಸಿ ಕೊಡ್ರಿ," ಎಂದೆ ಅವರಿಗೆ. ಅವರು ಹುಡುಕಿ ಹುಡುಕಿ, ಹೆಚ್ಚು ಮಾಸಿದ್ದ ನಲವತ್ತನ್ನು ಆರಿಸಿದರು. ಹನ್ನೊಂದು ಜನರೂ ಮೇಜಿನಿಂದ ಮೇಜಿಗೆ ಓಡಾಡಿದರು. ಒಂದು ಎದ್ದಿತು, ಎರಡು ಎದ್ದವು. ಸಾಲಿನ ಕೊನೆಯಲ್ಲಿ ಹತ್ತು ಒಟ್ಟಿಗೆ ಎದ್ದವು. ಅಷ್ಟರಲ್ಲಿ ಕರೆಂಟು ಹೋಯಿತು!

ಹಳೆಯ ಬ್ಯಾಟರಿಗಳಲ್ಲಿ ಅರ್ಧಕ್ಕರ್ಧ ಮಲಗಿಬಿಟ್ಟವು. ಪ್ರತಿನಿಧಿಯ ಮುಖದಲ್ಲಿ ಹುಣ್ಣಿಮೆ. "ನೋಡಿದ್ರಾ ಸರ್, ನಾನು ಹೇಳಿರಲಿಲ್ವಾ?" ಎಂದು ಸಾಹೇಬರ ಪಕ್ಕಕ್ಕೆ ಸರಿದರು. ಮಧುಗಿರಿಯಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೆ ಎಂದು ಹೇಳುವವರು ಯಾರು? ರಾಮಲಕ್ಷ್ಮಮ್ಮ ಕಣ್ಣು ಮುಚ್ಚಿ ಏನೋ ಮಣಮಣ ಅನ್ನುತ್ತಿದ್ದರು. ದೇವರ ಹೆಸರೋ ವಿದ್ಯುತ್ ಇಲಾಖೆಗೆ ಶಾಪವೋ ಕೇಳಲಿಲ್ಲ.

ಆ ಗದ್ದಲದಲ್ಲಿ ನಾವು ಸಾಹೇಬರನ್ನು ಮರೆತಿದ್ದೆವು. ಅವರು ಬ್ಯಾಟರಿಯ ಮೇಲೆ ಓಡುತ್ತಿದ್ದ ಒಂದು ಲ್ಯಾಪ್‌ಟಾಪಿನ ಮುಂದೆ ಕೂತು, ಒಂದೇ ಬೆರಳಿನಲ್ಲಿ ಏನೋ ಕುಟ್ಟುತ್ತಿದ್ದರು. ಪ್ರತಿನಿಧಿ ಮತ್ತೆ, "ಸರ್, ಹೊಸ ಮಾಡೆಲ್..." ಎಂದರು.

"ಸ್ವಲ್ಪ ಸುಮ್ನಿರಪ್ಪ, ನನ್ ಹೆಸ್ರು ಬರ್ತಾ ಐತೆ," ಎಂದರು ಸಾಹೇಬರು ತಲೆ ಎತ್ತದೆ.

ನಂಜುಂಡಾ ವರೆಗೆ ಬಂದಿತ್ತು. ರಾಧ್ಯದ ಒತ್ತಿಗೆ ಸಿಕ್ಕಿಕೊಂಡಿದ್ದರು. ಹನ್ನೊಂದು ಶಿಕ್ಷಕರೂ ಅವರ ಬೆನ್ನ ಹಿಂದೆ ಸೇರಿಕೊಂಡು, "ಅದಲ್ಲ ಸರ್, ಆ ಕಡೇದು ಒತ್ತಿ" ಎಂದು ಒಬ್ಬೊಬ್ಬರೂ ಒಂದೊಂದು ಕೀಲಿ ತೋರಿಸಿದರು. ಯ ಒತ್ತು ಧ ಕೆಳಗೆ ಬಂದು ಕೂತಾಗ ಇಡೀ ಸಭಾಂಗಣ ಚಪ್ಪಾಳೆ ತಟ್ಟಿತು. ಇಪ್ಪತ್ತೊಂಬತ್ತು ವರ್ಷ ಸರ್ವಿಸ್ ಆದ ಮನುಷ್ಯ ತನ್ನ ಹೆಸರನ್ನು ತಾನೇ ಕಂಪ್ಯೂಟರಿನಲ್ಲಿ ಬರೆದದ್ದು ಅದೇ ಮೊದಲಂತೆ. ಚಪ್ಪಾಳೆ ನಿಲ್ಲುವ ಮೊದಲೇ ಕರೆಂಟೂ ಬಂತು. ಮಲಗಿದ್ದವೆಲ್ಲ ಮತ್ತೆ ಒಂದೊಂದಾಗಿ ಕಣ್ಣು ಬಿಟ್ಟವು.

ಸಾಹೇಬರು ಜೇಬಿನಿಂದ ಪೆನ್ನು ತೆಗೆದು, ನಿಂತಲ್ಲೇ ಟಿಪ್ಪಣಿ ಬರೆದರು: 'ಯಂತ್ರಗಳು ಶಾಲೆಯ ಸ್ವತ್ತಾಗಿದ್ದು, ಸುಸ್ಥಿತಿಯಲ್ಲಿರುವುದನ್ನು ಖುದ್ದು ಪರಿಶೀಲಿಸಿದೆ. ಶಾಲೆಗಳಿಗೆ ಹಿಂತಿರುಗಿಸುವುದು.' ಪೆನ್ನು ನಡುಗಲಿಲ್ಲ. ಪ್ರತಿನಿಧಿ ಪುಸ್ತಿಕೆ ಮಡಚಿಕೊಂಡರು. ಹೋಗುವಾಗ ನನ್ನ ಹತ್ತಿರ ಬಂದು, "ಆ ಸಾಫ್ಟ್‌ವೇರ್ ನಮ್ಮ ಮನೇಲಿರೋ ಹಳೇ ಲ್ಯಾಪ್‌ಟಾಪ್‌ಗೂ ಆಗುತ್ತಾ ಮೇಡಂ?" ಎಂದು ಮೆಲ್ಲಗೆ ಕೇಳಿದರು. ಆಗುತ್ತದೆ ಎಂದು ಒಂದು ಪೆನ್‌ಡ್ರೈವ್ ಕೊಟ್ಟು ಕಳಿಸಿದೆ.

ಎಲ್ಲವೂ ಉಳಿದವು ಅಂತಲ್ಲ. ಪರದೆ ಒಡೆದವು, ಇಲಿ ಸಂಸಾರ ಹೂಡಿದ್ದವು, ಎಷ್ಟು ಮಾಡಿದರೂ ಏಳದವು ಒಂದಷ್ಟಿದ್ದವು. ಅವು ಗುಜರಿಗೆ ಹೋಗಬೇಕಾದವೇ. ಮಿಕ್ಕವನ್ನು ಸಾಗಿಸುವುದು ಹೇಗೆ ಎಂದು ನಾವು ತಲೆ ಕೆರೆದುಕೊಳ್ಳುತ್ತಿದ್ದಾಗ ಕೆಂಚಪ್ಪ ಕಿಟಕಿಯಿಂದಲೇ ಕೂಗಿದ. "ಲಾರಿ ನಿಂತೈತಲ್ಲ ಮೇಡಮ್ಮಾರೆ. ಬಾಡಿಗೆ ಇವತ್ತಿನ್ ದಿನಕ್ಕೆ ಆಗ್ಬುಟ್ಟೈತೆ. ಎಲ್ಲಿಗ್ ಓಡ್ಸಬೇಕು ಹೇಳಿ."

ಹಾಗಾಗಿ ಲ್ಯಾಪ್‌ಟಾಪ್‌ಗಳು ತಮ್ಮನ್ನು ಒಯ್ಯಲು ಬಂದ ಗುಜರಿ ಲಾರಿಯಲ್ಲೇ ಕೂತು ಶಾಲೆಗಳಿಗೆ ಹೊರಟವು. ಎಲ್ಲ ಕಡೆಗೂ ಒಂದೇ ದಿನ ಆಗುವುದಿಲ್ಲ ಎಂದು ಮೊದಲು ಪಾವಗಡದ ದಾರಿ ಹಿಡಿದೆವು. ನಾನೂ ರಾಮಲಕ್ಷ್ಮಮ್ಮನೂ ಡ್ರೈವರ್ ಪಕ್ಕದ ಸೀಟಿನಲ್ಲಿ. ನಮಗಿಬ್ಬರಿಗೂ ಐವತ್ತು ದಾಟಿತ್ತು, ಲಾರಿ ಹತ್ತಲು ಕೆಂಚಪ್ಪ ಸ್ಟೂಲು ಹಾಕಬೇಕಾಯಿತು. ಹತ್ತಿ ಕೂತ ಮೇಲೆ ಕಾಲೇಜಿಗೆ ಚಕ್ಕರ್ ಹೊಡೆದ ಹುಡುಗಿಯರ ಹಾಗೆ ನಕ್ಕಿದ್ದೇ ನಕ್ಕಿದ್ದು. ಲಾರಿ ಕುಲುಕಿದಾಗಲೆಲ್ಲ ರಾಮಲಕ್ಷ್ಮಮ್ಮ ಹಿಂದಿನ ಸಣ್ಣ ಕಿಟಕಿಗೆ ತಿರುಗಿ, "ಭದ್ರಂ, ಭದ್ರಂ" ಎಂದು ಲ್ಯಾಪ್‌ಟಾಪ್‌ಗಳಿಗೆ ಸಮಾಧಾನ ಹೇಳುತ್ತಿದ್ದರು.

ಅವರ ಶಾಲೆ ಮುಟ್ಟಿದಾಗ ಸಂಜೆ ನಾಲ್ಕೂಮುಕ್ಕಾಲು. ಶಾಲೆ ಬಿಟ್ಟು ಬಹಳ ಹೊತ್ತಾಗಿತ್ತು, ಒಂದು ಮಗುವೂ ಮನೆಗೆ ಹೋಗಿರಲಿಲ್ಲ. ಲಾರಿಯ ಹಿಂಬಾಗಿಲು ತೆಗೆದದ್ದೇ ತಡ, ಮಕ್ಕಳು ಕೈಯಿಂದ ಕೈಗೆ ಸಾಲಾಗಿ ದಾಟಿಸಿ, ಕೂಸಿನ ಹಾಗೆ ತಬ್ಬಿಕೊಂಡು ಒಳಗೆ ಒಯ್ದರು.

ಕೆಂಚಪ್ಪ ಸಾಮಾನಿನ ಚೀಟಿ ತಂದು ರಾಮಲಕ್ಷ್ಮಮ್ಮನವರ ಮುಂದೆ ಹಿಡಿದ. ಅದು ಬೆಳಿಗ್ಗೆಯೇ ಬರೆಸಿದ್ದ ಚೀಟಿ. ಸರಕಿನ ವಿವರ ಎಂಬ ಕಡೆ 'ಗುಜರಿ' ಎಂದಿತ್ತು.

ರಾಮಲಕ್ಷ್ಮಮ್ಮ ಸಹಿ ಹಾಕಲು ಒಪ್ಪಲೇ ಇಲ್ಲ. "ಗುಜರಿ ಅಂತ ಬರ್ದಿರೋದಕ್ಕೆ ನಾನು ಸಹಿ ಹಾಕಲ್ಲಪ್ಪ. ನನ್ನ ಶಾಲೆಗೆ ಗುಜರಿ ಬಂದಿಲ್ಲ."

"ಯಮ್ಮಾ, ನಂಗೆ ಬರೆಯಾಕ್ ಬರಾಕಿಲ್ಲ. ನೀವೇ ತಿದ್ಕೊಳಿ," ಎಂದ ಕೆಂಚಪ್ಪ.

ಅವರು ಪೆನ್ನನ್ನು ಲಾವಣ್ಯಳ ಕೈಗೆ ಕೊಟ್ಟರು. ಅವಳು ಆ ಪದದ ಮೇಲೆ ಅಡ್ಡಗೆರೆ ಎಳೆದಳು. ಆಮೇಲೆ ತಲೆ ಎತ್ತಿ, "ಮೇಡಂ, ತೆಲುಗಾ, ಕನ್ನಡಾನಾ?" ಎಂದು ಕೇಳಿದಳು.

"ರೆಂಡೂ ರಾಯಿ," ಎಂದರು ರಾಮಲಕ್ಷ್ಮಮ್ಮ. ಎರಡೂ ಬರಿ.

ಅವಳು ನಾಲಿಗೆ ಕಚ್ಚಿಕೊಂಡು, ದುಂಡಗೆ, ಕನ್ನಡ ಅಕ್ಷರದಲ್ಲೇ ಬರೆದಳು: 'ಪನಿ ಚೇಸ್ತಾಯಿ. ಕೆಲಸ ಮಾಡ್ತವೆ.' ಹೆಡ್‌ಮಿಸ್ಟ್ರೆಸ್ ಸಹಿ ಹಾಕಿ, ಶಾಲೆಯ ಸೀಲು ಒತ್ತಿದರು. ಒತ್ತು ಸಾಲದೆಂದು ಇನ್ನೊಂದು ಸಲ ಒತ್ತಿದರು.

"ಅದೇನ್ ಬರೆದೈತೆ ಮೇಡಮ್ಮಾ?" ಎಂದು ಕೆಂಚಪ್ಪ ನನ್ನನ್ನು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಇಡೀ ಶಾಲೆ ಎರಡು ಭಾಷೆಯಲ್ಲೂ ಕೂಗಿ ಹೇಳಿತು. ಅವನು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಎದೆ ಜೇಬಿನಲ್ಲಿಟ್ಟುಕೊಂಡು ಲಾರಿ ಹತ್ತಿದ. ಊರು ದಾಟುವವರೆಗೂ ಹಾರನ್ನಿನಿಂದ ಕೈ ತೆಗೆಯಲಿಲ್ಲ. ಪಕ್ಕದಲ್ಲಿ ಕೂತಿದ್ದ ನಾನೂ ಬೇಡ ಅನ್ನಲಿಲ್ಲ.